ಹೊಳೆಯ ಕಲ್ಲಿಗೆ ಮನೆಯ ಹೊಳಪು

ಪ್ರವಾಸದಿಂದ ಮರಳಿದ ಮಕ್ಕಳ ಚೀಲವನ್ನು ಬಿಚ್ಚಿ ನೋಡಿದ ತಾಯಂದಿರಿಗೆ ಈ ಅನುಭವ ಹೊಸದೇನೂ ಅಲ್ಲ. ಹೋಗುವಾಗ ಚಕ್ಕುಲಿ, ಕೋಡುಬಳೆಗಳಿದ್ದ ಡಬ್ಬಿಯಲ್ಲಿ ಬರುವಾಗ ಕಲ್ಲುಗಳಿರುತ್ತವೆ. ಕೆಂಪು ಕಲ್ಲು, ಪಟ್ಟೆಯ ಕಲ್ಲು, ಮೊಟ್ಟೆಯಾಕಾರದ ಕಲ್ಲು, ದೊಡ್ಡವರಾರಿಗೂ ಕಾಣದ ಚೆಲುವು ಆ ಮಗುವಿಗೆ ಮಾತ್ರ ಕಂಡ ಕಲ್ಲು. "ಇದನ್ನೆಲ್ಲ ಏತಕ್ಕೆ ಹೊತ್ತು ತಂದೆ?" ಎಂದು ಗದರಿಸಿ ಹಿತ್ತಿಲಿಗೆ ಎಸೆಯುವುದು ಬಹುತೇಕ ಮನೆಗಳ ಪದ್ಧತಿ. ನಮ್ಮ ಮನೆಯಲ್ಲಿಯೂ ಹಾಗೆಯೇ ಆಗಬೇಕಾಗಿತ್ತು. ಆಗದೆ ಹೋದುದಕ್ಕೆ ಮಗಳು ಕೇಳಿದ ಒಂದು ಪ್ರಶ್ನೆಯೇ ಕಾರಣ.

ವಿಜಯಪುರ ಸೀಮೆಯಲ್ಲಿ ನಂಟರ ಮನೆಯ ಮದುವೆ. ಮುಹೂರ್ತ ಮುಗಿದ ಮರುದಿನ ಮಕ್ಕಳನ್ನು ಕರೆದುಕೊಂಡು ಕೃಷ್ಣೆಯ ದಡಕ್ಕೆ ಹೋಗಿದ್ದೆವು. ಬೇಸಗೆಯಾದ್ದರಿಂದ ನೀರು ಇಳಿದು, ದಡದುದ್ದಕ್ಕೂ ಜಲ್ಲಿಗಲ್ಲು ಹರಡಿಬಿದ್ದಿತ್ತು. ಏಳನೆಯ ತರಗತಿಯಲ್ಲಿ ಓದುತ್ತಿದ್ದ ನನ್ನ ಮಗಳು ಮೊಣಕಾಲುದ್ದ ನೀರಿನಲ್ಲಿ ನಿಂತು ಕಲ್ಲುಗಳನ್ನು ಒಂದೊಂದಾಗಿ ಆರಿಸಿದಳು. ನೀರಿನಲ್ಲಿದ್ದಾಗ ಅವುಗಳ ಬಣ್ಣವೇ ಬಣ್ಣ! ಒಂದು ದಾಳಿಂಬೆಯ ಕಾಳಿನಂತೆ ಕೆಂಪು. ಇನ್ನೊಂದಕ್ಕೆ ಜೇನಿನ ಬಣ್ಣ. ಮತ್ತೊಂದರ ಮೈಮೇಲೆ ಸೀರೆಯ ಅಂಚಿನಂತೆ ಬಿಳಿಯ ಗೆರೆಗಳು. ಬೆಂಗಳೂರಿಗೆ ಬಂದು ಚೀಲ ಬಿಚ್ಚಿದಾಗ ಆ ಸಿರಿಯೆಲ್ಲ ಮಾಯವಾಗಿತ್ತು. ಉಳಿದಿದ್ದವು ಬೂದಿ ಬಳಿದಂತೆ ಮಂಕಾದ ಹದಿನೆಂಟು ಕಲ್ಲುಗಳು.

"ಅಪ್ಪ, ನೀರಿನಲ್ಲಿ ಅಷ್ಟು ಹೊಳೆಯುತ್ತಿದ್ದ ಕಲ್ಲು ಒಣಗಿದ ಮೇಲೆ ಏಕೆ ಸತ್ತುಹೋಯಿತು?"

ಉತ್ತರ ನನಗೆ ತಿಳಿದಿರಲಿಲ್ಲ. ತಿಳಿಯದೆಂದು ಮಕ್ಕಳೆದುರು ಒಪ್ಪಿಕೊಳ್ಳುವುದಕ್ಕೆ ತಂದೆಯಾದವನಿಗೆ ಸಂಕೋಚ. ಮುಂದಿನ ವಾರ ಶಾಲೆಯಲ್ಲಿ ವಸ್ತುಪ್ರದರ್ಶನ ಬೇರೆ ಇತ್ತು. ಬಾಗಿಲಿಗೆ ಬಳಿದು ಮಿಕ್ಕಿದ್ದ ವಾರ್ನಿಷ್ ಮನೆಯಲ್ಲಿತ್ತು. ರಾತ್ರಿ ಕುಳಿತು ಎಲ್ಲ ಕಲ್ಲುಗಳಿಗೂ ಬಳಿದುಬಿಟ್ಟೆ. ಬೆಳಗ್ಗೆ ಕಲ್ಲುಗಳು ಥಳಥಳಿಸಿದವು. ಪ್ರದರ್ಶನದಲ್ಲಿ ಅಧ್ಯಾಪಕಿಯೊಬ್ಬರು ಮೆಚ್ಚಿ ಕೆಂಪು ಕಲ್ಲನ್ನು ಕೈಗೆ ತೆಗೆದುಕೊಂಡರಂತೆ. ಇನ್ನೂ ಪೂರ್ತಿ ಆರದ ವಾರ್ನಿಷ್ ಅವರ ಬೆರಳಿಗೆ ಅಂಟಿಕೊಂಡಿತಂತೆ. ಅವರು ನಕ್ಕು ಸುಮ್ಮನಾದರು. ಮಗಳಿಗೆ ನಗು ಬರಲಿಲ್ಲ. ಸಂಜೆ ಮನೆಗೆ ಬಂದವಳೇ ಕಲ್ಲುಗಳನ್ನು ನನ್ನ ಮೇಜಿನ ಮೇಲೆ ಸುರಿದು, "ಇದು ಕಲ್ಲಿನ ಹೊಳಪಲ್ಲ, ಡಬ್ಬಿಯ ಹೊಳಪು" ಎಂದಳು.

ಆ ಮಾತು ನಾಟಿತು. ಕಲ್ಲಿಗೆ ಅದರದೇ ಹೊಳಪನ್ನು ತರಿಸುವುದು ಹೇಗೆಂದು ಅಂದಿನಿಂದ ತಂದೆ ಮಗಳು ಕೂಡಿ ಕಲಿಯತೊಡಗಿದೆವು. ಅದರಲ್ಲಿ ಎಡವಿದ್ದೂ ಉಂಟು, ಒಮ್ಮೆ ಅಪಾಯದ ಅಂಚಿಗೆ ಹೋಗಿ ಬಂದದ್ದೂ ಉಂಟು. ವಾಚಕರ ಮನೆಯಲ್ಲಿಯೂ ಇಂತಹ ಡಬ್ಬಿಯೊಂದು ಇದ್ದೀತೆಂದು ಭಾವಿಸಿ ಅದನ್ನಿಲ್ಲಿ ಬರೆಯುತ್ತಿದ್ದೇನೆ.

ಹೊಳಪೆಂದರೇನು?

ಮಗಳ ಪ್ರಶ್ನೆಗೆ ಉತ್ತರ ಸರಳವಾಗಿದೆ. ಹೊಳೆಯ ಕಲ್ಲು ಕೈಗೆ ನುಣುಪಾಗಿ ತೋರಿದರೂ ಅದರ ಮೈತುಂಬ ಕಣ್ಣಿಗೆ ಕಾಣದಷ್ಟು ಸಣ್ಣ ಗೀರುಗಳೂ ಕುಳಿಗಳೂ ಇರುತ್ತವೆ. ಅದರ ಮೇಲೆ ಬಿದ್ದ ಬೆಳಕು ಒಂದು ದಿಕ್ಕಿಗೆ ಹಿಂದಿರುಗದೆ ಹತ್ತು ದಿಕ್ಕಿಗೆ ಚೆದುರುತ್ತದೆ. ಹೀಗೆ ಚೆದುರಿದ ಬೆಳಕು ಕಲ್ಲಿನ ನಿಜವಾದ ಬಣ್ಣದ ಮೇಲೆ ಬಿಳಿಯ ತೆರೆಯೊಂದನ್ನು ಎಳೆದಂತಾಗುತ್ತದೆ. ಕಲ್ಲು ಒದ್ದೆಯಾದಾಗ ನೀರು ಆ ಕುಳಿಗಳನ್ನೆಲ್ಲ ತುಂಬಿ ಮೇಲ್ಮೈಯನ್ನು ಸಮಮಾಡುತ್ತದೆ. ತೆರೆ ಸರಿಯುತ್ತದೆ, ಬಣ್ಣ ಕಾಣುತ್ತದೆ. ನೀರು ಆರಿದೊಡನೆ ಮತ್ತೆ ಮೊದಲಿನ ಮಂಕು. ವಾರ್ನಿಷ್ ಮಾಡುವುದೂ ನೀರಿನ ಕೆಲಸವನ್ನೇ, ಆದರೆ ಅದು ದಿನ ಕಳೆದಂತೆ ಹಳದಿಗಟ್ಟಿ ಸುಲಿದುಬರುತ್ತದೆ.

ಕಣ್ಣಿಗೆ ಕಾಣುವ ಬೆಳಕಿನ ಅಲೆಯ ಉದ್ದ ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಭಾಗದ ಸುಮಾರು ಅರ್ಧದಷ್ಟು. ಕಲ್ಲಿನ ಮೇಲಿನ ಗೀರುಗಳು ಅದಕ್ಕಿಂತಲೂ ಸಣ್ಣವಾಗುವವರೆಗೆ ಸವೆಸಿದೆವಾದರೆ, ಬೆಳಕು ಅವುಗಳನ್ನು ಲೆಕ್ಕಿಸದೆ ಕನ್ನಡಿಯಿಂದ ಮರಳಿದಂತೆ ಮರಳುತ್ತದೆ. ಅಂದಮೇಲೆ ನಾವು ಕಲ್ಲಿಗೆ ಸೇರಿಸತಕ್ಕದ್ದು ಏನೂ ಇಲ್ಲ, ಗೀರುಗಳನ್ನು ಕಳೆಯುವುದೊಂದೇ ಕೆಲಸ. ಅದನ್ನು ಒಮ್ಮೆಗೇ ಮಾಡಲಾಗದು. ದೊಡ್ಡ ಗೀರನ್ನು ಅದಕ್ಕಿಂತ ಸಣ್ಣ ಗೀರಿನಿಂದ ಅಳಿಸಬೇಕು, ಅದನ್ನು ಇನ್ನೂ ಸಣ್ಣದರಿಂದ, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿದುಬರಬೇಕು.

ಯಾವ ಕಲ್ಲು ಹೊಳೆದೀತು?

ಎಲ್ಲ ಕಲ್ಲಿಗೂ ಈ ಭಾಗ್ಯವಿಲ್ಲ. ಜರ್ಮನಿಯ ಖನಿಜಶಾಸ್ತ್ರಜ್ಞ ಫ್ರೀಡ್ರಿಕ್ ಮೋಸ್ 1812ರಲ್ಲಿ ಖನಿಜಗಳ ಗಡಸುತನಕ್ಕೆ ಒಂದರಿಂದ ಹತ್ತರವರೆಗೆ ಮೆಟ್ಟಿಲುಗಳನ್ನು ಗೊತ್ತುಮಾಡಿದನು. ಉಗುರಿನಿಂದಲೇ ಗೀರಬಹುದಾದ ಬಳಪದ ಖನಿಜಕ್ಕೆ 1, ಅಮೃತಶಿಲೆಯಲ್ಲಿರುವ ಕ್ಯಾಲ್ಸೈಟಿಗೆ 3, ಬೆಣಚುಕಲ್ಲಿಗೆ 7, ಕುರುಂದಕ್ಕೆ 9, ವಜ್ರಕ್ಕೆ 10. ಚಾಕುವಿನ ಉಕ್ಕು ಐದೂವರೆಯ ಸುಮಾರಿನಲ್ಲಿದೆ. ಆದ್ದರಿಂದ ಚಾಕುವಿನ ತುದಿಯಿಂದ ಗೀರಿ ನೋಡುವುದೇ ಮನೆಯ ಪರೀಕ್ಷೆ. ಗೀರು ಬಿದ್ದರೆ ಮೆದುವಾದ ಕಲ್ಲು. ಚಾಕುವೇ ಜಾರಿ ಬೂದುಬಣ್ಣದ ಲೋಹದ ಗುರುತು ಉಳಿದರೆ ಗಡಸು ಕಲ್ಲು.

ಮುರಕಲ್ಲು ತೂತುತೂತಾದುದರಿಂದ ಕೆಲಸಕ್ಕೆ ಬಾರದು. ಮರಳುಗಲ್ಲಿನ ಕಣಗಳು ಉದುರುತ್ತವೆ. ನಮ್ಮ ಬೆಂಗಳೂರಿನ ಬಂಡೆಗಳಲ್ಲಿ ಬೆಣಚು, ಫೆಲ್ಡ್‌ಸ್ಪಾರ್, ಕಾಗೆಬಂಗಾರ ಮೂರೂ ಬೆರೆತಿರುವುದರಿಂದ ಒಂದು ಸವೆಯುವಷ್ಟರಲ್ಲಿ ಇನ್ನೊಂದು ಕಿತ್ತುಬಂದು ಕುಳಿ ಬೀಳುತ್ತದೆ. ಅತ್ಯುತ್ತಮವಾದವೆಂದರೆ ಕಣವೇ ಕಾಣದಷ್ಟು ಒತ್ತಾದ ಅಗೇಟ್, ಜ್ಯಾಸ್ಪರ್, ಕಾರ್ನೀಲಿಯನ್ ಮೊದಲಾದ ಬೆಣಚಿನ ಬಳಗದ ಕಲ್ಲುಗಳು. ಮಗಳ ಡಬ್ಬಿಯಲ್ಲಿದ್ದವು ಇವೇ ಎಂದು ತಿಳಿದಾಗ ಅವಳಿಗಿಂತ ನನಗೇ ಹೆಚ್ಚು ಸಂತೋಷವಾಯಿತು. ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ದಖನ್ನಿನ ಮೇಲೆ ಲಾವಾ ಹರಿದು ಗಟ್ಟಿಯಾದಾಗ ಅದರೊಳಗೆ ಗಾಳಿಗುಳ್ಳೆಗಳು ಉಳಿದವು. ಸಿಲಿಕ ಕರಗಿದ್ದ ನೀರು ಅವುಗಳೊಳಗೆ ಇಂಗಿ, ಪದರದ ಮೇಲೆ ಪದರ ಕಟ್ಟಿ ಅಗೇಟ್ ಆಯಿತು. ಆ ನಾಡಿನಿಂದ ಇಳಿದುಬರುವ ಕೃಷ್ಣಾ, ಭೀಮಾ ನದಿಗಳ ಜಲ್ಲಿಯಲ್ಲಿ ಅವು ದೊರೆಯುತ್ತವೆ.

ಒಂದು ಎಚ್ಚರಿಕೆ. ಕಲ್ಲಿನ ಮೋಹದಲ್ಲಿ ಲಾಲ್‌ಬಾಗಿನ ಬಂಡೆಯನ್ನೋ ಮಲ್ಪೆಯ ಬಳಿಯ ಸೇಂಟ್ ಮೇರಿ ದ್ವೀಪದ ಕಂಬಗಲ್ಲುಗಳನ್ನೋ ಕೆತ್ತಿ ತರಬಾರದು. ಇವು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳು. ಹಾಳುಗುಡಿಗಳ ತುಣುಕುಗಳನ್ನೂ ಮುಟ್ಟಕೂಡದು. ಹೊಳೆ ಉರುಳಿಸಿ ತಂದ ನಾಲ್ಕು ಕಲ್ಲು ನಮಗೆ ಸಾಕು.

ಕೈಯಿಂದಲೇ ಉಜ್ಜುವ ಬಗೆ

ಕಲ್ಲನ್ನು ಕಲ್ಲಿನಿಂದ ತೇಯ್ದು ನುಣುಪುಮಾಡುವುದು ನಮ್ಮ ನಾಡಿಗೆ ಹೊಸದಲ್ಲ. ಬಳ್ಳಾರಿಯ ಸಂಗನಕಲ್ಲಿನ ಗುಡ್ಡಗಳಲ್ಲಿ ಕ್ರಿಸ್ತಪೂರ್ವ ಎರಡನೆಯ ಸಹಸ್ರಮಾನದ ಜನ ಕಪ್ಪು ಡಾಲರೈಟ್ ಕಲ್ಲಿನಿಂದ ಕೊಡಲಿಗಳನ್ನು ಮಾಡುತ್ತಿದ್ದರು. ಅವುಗಳನ್ನು ತೇಯ್ದು ತೇಯ್ದು ಬಂಡೆಗಳ ಮೇಲೆ ಬಿದ್ದ ತೋಡುಗಳನ್ನು ಇಂದಿಗೂ ಅಲ್ಲಿ ಕಾಣಬಹುದು. ಬೇಲೂರು, ಹಳೇಬೀಡುಗಳ ಕಡೆದ ಕಂಬಗಳ ಹೊಳಪನ್ನು ಕಂಡು ಬೆರಗಾಗದವರಾರು? ಹೊಯ್ಸಳ ಶಿಲ್ಪಿಗಳು ಆರಿಸಿಕೊಂಡದ್ದು ಬಳಪದ ಜಾತಿಯ ಮೆದುವಾದ ಶಿಲೆಯನ್ನು. ಹೊಸಬರಿಗೆ ಅವರ ಜಾಣ್ಮೆಯೇ ಮೇಲ್ಪಂಕ್ತಿ. ಗಡಸಾದ ಅಗೇಟನ್ನು ಕೈಯಿಂದ ಉಜ್ಜಹೊರಟರೆ ವಾರ ಕಳೆದರೂ ಮುಗಿಯದು. ಮೊದಲು ಅಮೃತಶಿಲೆಯ ತುಂಡೊಂದರಿಂದ ಪ್ರಾರಂಭಿಸುವುದು ಲೇಸು.

ಬೇಕಾದ ಸಾಮಗ್ರಿ ಅಲ್ಪ. ಮೋಟಾರು ಗಾಡಿಗಳಿಗೆ ಬಣ್ಣ ಬಳಿಯುವವರು ಉಪಯೋಗಿಸುವ, ನೀರಿನಲ್ಲಿ ನೆನೆದರೂ ಹರಿಯದ ಕಪ್ಪು ಉಜ್ಜುಕಾಗದ ಬಣ್ಣದಂಗಡಿಗಳಲ್ಲಿ ಸಿಗುತ್ತದೆ. 120, 220, 400, 600, 1000, 2000 ಹೀಗೆ ಬೆನ್ನಿನ ಮೇಲೆ ಅಂಕಿ ಅಚ್ಚಾಗಿರುತ್ತದೆ. ಅಂಕಿ ಏರಿದಂತೆ ಕಣ ಸಣ್ಣದೆಂದು ತಿಳಿಯತಕ್ಕದ್ದು. ಆ ಕಪ್ಪು ಕಣ ಕಾರ್ಬೊರಂಡಮ್. ಅಮೆರಿಕದ ಎಡ್ವರ್ಡ್ ಆಚೆಸನ್ 1891ರಲ್ಲಿ ಕೃತಕ ವಜ್ರವನ್ನು ಮಾಡಹೊರಟು ಇದನ್ನು ಪಡೆದನು. ಕಾರ್ಬನ್ನೂ ಕೊರಂಡಮ್ಮೂ ಕೂಡಿ ಆದದ್ದೆಂದು ಎಣಿಸಿ ಆ ಹೆಸರಿಟ್ಟನು. ಸೋಜಿಗವೆಂದರೆ ಕೊರಂಡಮ್ ಎಂಬುದು ನಮ್ಮ ಕಡೆಯ ಮಾತೇ. ತಮಿಳಿನ ಕುರುಂದಂ, ಸಂಸ್ಕೃತದ ಕುರುವಿಂದ ಪದಗಳಿಂದ ಬಂದದ್ದು. ಸಾಣೆಗೆ ಬಳಸುವ ಕುರುಂದ ಹಳೆಯ ಮೈಸೂರು ಸೀಮೆಯಲ್ಲಿ ದೊರೆಯುವ ಖನಿಜ.

ದಪ್ಪ ಗಾಜಿನ ಹಲಗೆಯ ಮೇಲೆ 120ರ ಕಾಗದವನ್ನು ನೆನೆಸಿ ಹರಡಿ, ನೀರು ಚಿಮುಕಿಸುತ್ತ ಕಲ್ಲನ್ನು ಒಂದೇ ದಿಕ್ಕಿನಲ್ಲಿ ಉಜ್ಜಬೇಕು. ಮೈ ಸಮನಾದ ಮೇಲೆ ಕಲ್ಲು, ಗಾಜು, ಕೈ ಮೂರನ್ನೂ ಚೆನ್ನಾಗಿ ತೊಳೆದು 220ನ್ನು ತೆಗೆದುಕೊಂಡು, ಈ ಬಾರಿ ಅಡ್ಡದಿಕ್ಕಿನಲ್ಲಿ ಉಜ್ಜಬೇಕು. ಹಳೆಯ ಗೀರುಗಳು ಹೊಸ ಗೀರುಗಳಿಗೆ ಅಡ್ಡಲಾಗಿ ನಿಂತು ತಾವಾಗಿಯೇ ಕಾಣಿಸುತ್ತವೆ. ಅವು ಪೂರ್ತಿ ಅಳಿದ ಮೇಲೆ 400, ಆಮೇಲೆ 600, ಹೀಗೆಯೇ 2000ದವರೆಗೆ. ಕೊನೆಯಲ್ಲಿ ಹಳೆಯ ಚರ್ಮದ ತುಂಡಿಗೆ ಅಲ್ಯುಮಿನಿಯಂ ಆಕ್ಸೈಡಿನ ನುಣ್ಣನೆಯ ಪುಡಿಯನ್ನಾಗಲಿ, ಮಸೂರಗಳಿಗೆ ಮೆರುಗು ಕೊಡಲು ಬಳಸುವ ಸೀರಿಯಂ ಆಕ್ಸೈಡನ್ನಾಗಲಿ ನೀರಿನಲ್ಲಿ ಕಲಸಿ ಹಚ್ಚಿ ತಿಕ್ಕಿದರೆ ಕಿಟಕಿಯ ಸರಳು ಕಲ್ಲಿನಲ್ಲಿ ಮೂಡುತ್ತದೆ.

ನಾವು ಮಾಡಿದ ತಪ್ಪನ್ನು ಹೇಳಿಬಿಡುತ್ತೇನೆ. ಮೊದಲ ಭಾನುವಾರ 220 ಮುಗಿಯುವಷ್ಟರಲ್ಲಿ ನನ್ನ ತಾಳ್ಮೆಯೂ ಮುಗಿಯಿತು. ಕಲ್ಲು ನೋಡುವುದಕ್ಕೆ ಸೊಗಸಾಗಿತ್ತು, ನೇರವಾಗಿ 1000ಕ್ಕೆ ಹಾರಿದೆ. ಗಂಟೆಗಟ್ಟಲೆ ತಿಕ್ಕಿದರೂ ಕಲ್ಲಿನ ಮೇಲೊಂದು ಮಂಜಿನ ಪೊರೆ ಉಳಿದೇ ಉಳಿಯಿತು. ಮೋಸಹೋದದ್ದು ನೀರಿನಿಂದ. ಒದ್ದೆಯಾದ ಕಲ್ಲನ್ನು ನೋಡಿ ಗೀರುಗಳು ಹೋದವೆಂದು ನಂಬಿದ್ದೆ! ಕೃಷ್ಣೆಯ ದಡದಲ್ಲಿ ಮಗಳನ್ನು ಮರುಳುಮಾಡಿದ ನೀರು ನನ್ನನ್ನೂ ಮರುಳುಮಾಡಿತ್ತು. ಪ್ರತಿಯೊಂದು ಮೆಟ್ಟಿಲಿನಲ್ಲಿಯೂ ಕಲ್ಲನ್ನು ಒರಸಿ, ಒಣಗಿಸಿ, ಬಿಸಿಲಿಗೆ ಹಿಡಿದು ನೋಡಿದ ಮೇಲೆಯೇ ಮುಂದುವರಿಯತಕ್ಕದ್ದು. ಹಿಂದಿನ ಮೆಟ್ಟಿಲಿನಲ್ಲಿ ಉಳಿದ ಗೀರನ್ನು ಮುಂದಿನದು ಅಳಿಸಲಾರದು.

ಧೂಳೆಂಬ ಶತ್ರು

ಅಮೃತಶಿಲೆ ಕೈಗೂಡಿದ ಮೇಲೆ ಕೆಂಪು ಕಲ್ಲಿನ ಸರದಿ ಬಂದಿತು. ಕೈಯಿಂದ ಆಗದ ಕೆಲಸವನ್ನು ಯಂತ್ರದಿಂದ ಮಾಡೋಣವೆಂದು ಗೋಡೆ ಕೊರೆಯುವ ವಿದ್ಯುತ್ ಯಂತ್ರಕ್ಕೆ ಸಾಣೆಯ ಬಿಲ್ಲೆಯೊಂದನ್ನು ಸಿಕ್ಕಿಸಿ ಮೊಗಸಾಲೆಯಲ್ಲಿ ಕುಳಿತೆ. ವಿದ್ಯುತ್ತಿನ ಹತ್ತಿರ ನೀರು ಬೇಡವೆಂದು ಒಣಕಲ್ಲನ್ನೇ ಹಿಡಿದೆ. ಕಾಲು ಗಂಟೆಯಲ್ಲಿ ಮೊಗಸಾಲೆಯೆಲ್ಲ ಬಿಳಿಯ ಹುಡಿ. ಪಕ್ಕದಲ್ಲಿ ಕುಳಿತಿದ್ದ ಮಗಳ ರೆಪ್ಪೆಗಳ ಮೇಲೂ ಅದೇ ಹುಡಿ. ನೆರೆಮನೆಯ ವೈದ್ಯರು ಬೇಲಿಯಾಚೆಯಿಂದ ಕಂಡು ಓಡಿಬಂದು ಯಂತ್ರವನ್ನು ನಿಲ್ಲಿಸಿದರು. ಅವರು ಹೇಳಿದ್ದನ್ನು ಪ್ರತಿಯೊಬ್ಬರೂ ತಿಳಿದಿರುವುದು ಅವಶ್ಯ.

ಬೆಣಚಿನ ಬಳಗದ ಕಲ್ಲುಗಳೆಲ್ಲ ಸಿಲಿಕ. ಒಣಗಿದ್ದಾಗ ತೇಯ್ದರೆ ಏಳುವ ಧೂಳಿನ ಅತಿ ಸಣ್ಣ ಕಣಗಳು ಶ್ವಾಸಕೋಶದ ತಳದವರೆಗೆ ಇಳಿದು ಅಲ್ಲಿಯೇ ನಿಲ್ಲುತ್ತವೆ. ದೇಹವು ಅವುಗಳನ್ನು ಹೊರಹಾಕಲಾರದೆ ಹೋರಾಡಿದಂತೆ ಶ್ವಾಸಕೋಶ ಗಾಯದ ಕಲೆಯಂತೆ ಗಡುಸಾಗುತ್ತದೆ. ಸಿಲಿಕೋಸಿಸ್ ಎಂಬ ಈ ರೋಗವನ್ನು ಗುಣಪಡಿಸುವ ಔಷಧವಿಲ್ಲ.

ಗುಜರಾತಿನ ಖಂಭಾತ್ ಪಟ್ಟಣ ಅಗೇಟ್ ಮಣಿಗಳಿಗೆ ಹೆಸರಾದುದು. ಅದರ ನೆರೆಯ ಲೋಥಲ್‌ನಲ್ಲಿ ಸಿಂಧೂ ನಾಗರಿಕತೆಯ ಕಾಲದ ಮಣಿಗಾರರ ಕಾರ್ಯಾಗಾರ ದೊರೆತಿದೆ. ಆ ನಾಗರಿಕತೆಯ ಕೆಂಪು ಕಾರ್ನೀಲಿಯನ್ ಮಣಿಗಳು ಮೆಸೊಪೊಟೇಮಿಯದ ಊರ್ ನಗರದ ಅರಸುಮನೆತನದ ಸಮಾಧಿಗಳಲ್ಲಿ ಸಿಕ್ಕಿವೆ. ಖಂಭಾತಿನ ಹಿಂದಿನವರು ಮಣಿಗಳನ್ನು ಕುರುಂದದ ಪುಡಿ, ನೀರುಗಳೊಡನೆ ಚರ್ಮದ ಚೀಲದಲ್ಲಿ ತುಂಬಿ, ಇಬ್ಬರು ಎದುರುಬದುರು ಕುಳಿತು ದಿನಗಟ್ಟಲೆ ಅತ್ತಿಂದಿತ್ತ ಉರುಳಿಸುತ್ತಿದ್ದರು. ವಿದ್ಯುತ್ ಸಾಣೆಚಕ್ರ ಬಂದ ಮೇಲೆ ಕೆಲಸ ಬೇಗ ಸಾಗಿತು, ಧೂಳೂ ಹೆಚ್ಚಿತು. ಅಹಮದಾಬಾದಿನ ರಾಷ್ಟ್ರೀಯ ವೃತ್ತಿ ಆರೋಗ್ಯ ಸಂಸ್ಥೆಯವರು ಅಲ್ಲಿನ ಕುಶಲಕರ್ಮಿಗಳನ್ನು ಪರೀಕ್ಷಿಸಿ ಸಿಲಿಕೋಸಿಸ್ ಇರುವುದನ್ನು ಕಂಡರು. ಮನೆಯೇ ಕಾರ್ಖಾನೆಯಾದುದರಿಂದ ಚಕ್ರವನ್ನು ಮುಟ್ಟದ ಮನೆಯವರೂ ಅದೇ ಗಾಳಿಯನ್ನು ಉಸಿರಾಡಬೇಕಾಯಿತು. ನಾವು ಉಂಗುರದಲ್ಲಿ ಧರಿಸುವ ಕಲ್ಲಿನ ಕಾಂತಿಗೆ ಹೀಗೂ ಬೆಲೆ ತೆತ್ತವರಿದ್ದಾರೆ.

ಆದಕಾರಣ ನಿಯಮ ಒಂದೇ: ಕಲ್ಲನ್ನು ಎಂದೆಂದಿಗೂ ನೀರಿಲ್ಲದೆ ತೇಯಬಾರದು. ಮೂಗಿಗೆ ಕಟ್ಟಿದ ಕರವಸ್ತ್ರ ಈ ಧೂಳನ್ನು ತಡೆಯದು. ಚೆಲ್ಲಿದ ಕೆಸರನ್ನು ಒಣಗುವ ಮೊದಲೇ ಒದ್ದೆ ಬಟ್ಟೆಯಿಂದ ಒರಸಿ ತೆಗೆಯಬೇಕು. ಒಣಗಿದರೆ ಅದೂ ಧೂಳೇ. ಅಂದೇ ನಾನು ಆ ಬಿಲ್ಲೆಯನ್ನು ತೆಗೆದುಹಾಕಿದೆ.

ಉರುಳುಪೀಪಾಯಿಯ ತಿಂಗಳು

ಖಂಭಾತಿನ ಚರ್ಮದ ಚೀಲದ ಕೆಲಸವನ್ನು ಇಂದು ಮನೆಯಲ್ಲಿ ಮಾಡುವುದು ಪುಟ್ಟದೊಂದು ಪೀಪಾಯಿ. ಒಳಗೆ ರಬ್ಬರಿನ ಮೈ, ಬಿಗಿಯಾದ ಮುಚ್ಚಳ. ಸಣ್ಣ ಮೋಟಾರಿನಿಂದ ತಿರುಗುವ ಎರಡು ದಂಡಗಳ ಮೇಲೆ ಅದು ಮಲಗಿ ಹಗಲಿರುಳು ಉರುಳುತ್ತಿರುತ್ತದೆ. ಕೆಲಸವೆಲ್ಲ ಒದ್ದೆಯಲ್ಲಿ, ಮುಚ್ಚಿದ ಬಾಯಿಯೊಳಗೆ ನಡೆಯುವುದರಿಂದ ಧೂಳಿಲ್ಲ. ಹೊಳೆ ಸಾವಿರಾರು ವರ್ಷ ಮಾಡುವುದನ್ನು ಇದು ಒಂದು ತಿಂಗಳಲ್ಲಿ ಮಾಡುತ್ತದೆ.

ಪೀಪಾಯಿಯನ್ನು ಮೂರರಲ್ಲಿ ಎರಡು ಪಾಲಿನಷ್ಟು ತುಂಬಬೇಕು. ಕಡಮೆಯಾದರೆ ಕಲ್ಲುಗಳು ಬಿದ್ದು ಒಡೆಯುತ್ತವೆ, ಹೆಚ್ಚಾದರೆ ಉರುಳುವುದಿಲ್ಲ. ದೊಡ್ಡವೂ ಚಿಕ್ಕವೂ ಬೆರೆತಿರಲಿ, ಆದರೆ ಗಡಸುತನ ಒಂದೇ ಇರಲಿ. ಅಗೇಟಿನ ಜೊತೆಗೆ ಅಮೃತಶಿಲೆಯನ್ನು ಹಾಕಿದರೆ ಅಮೃತಶಿಲೆ ಕೆಸರಾಗಿಬಿಡುತ್ತದೆ. ಒಂದು ಕಿಲೋ ಕಲ್ಲಿಗೆ ಊಟದ ನಾಲ್ಕು ದೊಡ್ಡ ಚಮಚದಷ್ಟು ಒರಟು ಕಾರ್ಬೊರಂಡಮ್ ಪುಡಿ, ಮೇಲಿನ ಕಲ್ಲುಗಳ ಬುಡ ಮುಟ್ಟುವಷ್ಟು ನೀರು. ಮೊದಲ ವಾರ 60-90ರ ಪುಡಿ, ಎರಡನೆಯ ವಾರ 120-220, ಮೂರನೆಯ ವಾರ 500, ನಾಲ್ಕನೆಯ ವಾರ ಮೆರುಗಿನ ಅಲ್ಯುಮಿನಿಯಂ ಆಕ್ಸೈಡ್. ಮೊದಲ ಹಂತದ ನಂತರವೂ ಕುಳಿ ಉಳಿದ ಕಲ್ಲು ಇನ್ನೊಂದು ವಾರ ಅಲ್ಲಿಯೇ ಇರಬೇಕು. ಹಂತಗಳ ನಡುವೆ ಕಲ್ಲನ್ನೂ ಪೀಪಾಯಿಯನ್ನೂ ಹಳೆಯ ಹಲ್ಲುಜ್ಜುವ ಕುಂಚದಿಂದ ಉಜ್ಜಿ ತೊಳೆಯತಕ್ಕದ್ದು. ಒರಟು ಪುಡಿಯ ಕೆಲವೇ ಕಣಗಳು ಉಳಿದರೂ ಮುಂದಿನ ವಾರದ ಶ್ರಮವೆಲ್ಲ ವ್ಯರ್ಥ.

ಗೃಹಿಣಿಯರು ಗಮನಿಸಬೇಕಾದ ಮಾತೊಂದಿದೆ. ತೊಳೆದ ಕೆಸರನ್ನು ಬಚ್ಚಲಿಗೆ ಸುರಿಯಕೂಡದು; ಅದು ಕೊಳವೆಯೊಳಗೆ ಗಾರೆಯಂತೆ ಗಟ್ಟಿಯಾಗುತ್ತದೆ. ಹಿತ್ತಿಲಿನ ಗುಂಡಿಗೆ ಸುರಿದು ಮಣ್ಣು ಮುಚ್ಚುವುದೇ ಸರಿ. ಬಹಳ ಹೊತ್ತು ವಿದ್ಯುತ್ ನಿಂತರೆ ಪೀಪಾಯಿಯೊಳಗಿನ ಕೆಸರೂ ತಳ ಹಿಡಿಯುತ್ತದೆ. ಒಳಗೆ ಅನಿಲ ಕೂಡಿಕೊಳ್ಳುವುದೂ ಉಂಟಾದ್ದರಿಂದ ದಿನಕ್ಕೊಮ್ಮೆ ಮುಚ್ಚಳ ತೆಗೆದು ನೋಡುವುದು ಕ್ಷೇಮ.

ನನ್ನ ತಾಯಿಗೆ ಈ ಸಂಭ್ರಮವೆಲ್ಲ ವಿನೋದವಾಗಿ ಕಂಡಿತು. "ನಮ್ಮ ಕಾಲದಲ್ಲಿ ರುಬ್ಬುವ ಕಲ್ಲು ನುಣುಪಾದರೆ ಹಿಟ್ಟು ನುರಿಯುತ್ತಿರಲಿಲ್ಲ. ಕಲ್ಲು ಕುಟ್ಟುವವನನ್ನು ಕರೆದು ದುಡ್ಡು ಕೊಟ್ಟು ಒರಟು ಮಾಡಿಸುತ್ತಿದ್ದೆವು. ನೀವು ದುಡ್ಡು ಕೊಟ್ಟು ನುಣುಪು ಮಾಡುತ್ತೀರಿ" ಎಂದು ನಕ್ಕರು. ಆದರೂ ರಾತ್ರಿ ಪೀಪಾಯಿಯ ಗರಗರ ನಿಂತಾಗ ಮೊದಲು ಎದ್ದು ನೋಡುತ್ತಿದ್ದವರು ಅವರೇ.

ತಿಂಗಳು ತುಂಬಿದ ದಿನ ಸಾಬೂನಿನ ನೀರಿನಲ್ಲಿ ಕಲ್ಲುಗಳನ್ನು ಕೊನೆಯ ಬಾರಿ ಉರುಳಿಸಿ ತೊಳೆದು, ಬಟ್ಟೆಯ ಮೇಲೆ ಹರಡಿ ಒಣಗಲು ಬಿಟ್ಟೆವು. ನೀರು ಆರಿತು. ಮಂಕಾಗಲಿಲ್ಲ. ಒಣಗಿದ ಕೆಂಪು ಕಲ್ಲಿನಲ್ಲಿ ಕಿಟಕಿ ಕಾಣುತ್ತಿತ್ತು. ಒಂದು ಕಿಲೋಗೆ ಸ್ವಲ್ಪ ಕಡಮೆಯಿದ್ದ ಕಲ್ಲುಗಳು ಅಡುಗೆಮನೆಯ ತಕ್ಕಡಿಯಲ್ಲಿ ಮುಕ್ಕಾಲು ಕಿಲೋಗೂ ಕಡಮೆ ತೂಗಿದವು. ಆ ಹೊಳಪಿಗಾಗಿ ಕಲ್ಲು ತೆತ್ತದ್ದು ಅಷ್ಟು.

ಮಗಳು ಕೆಂಪು ಕಲ್ಲನ್ನು ಮೊದಲು ಅಜ್ಜಿಯ ಕೈಗಿತ್ತಳು. ಅವರಿಗೆ ಕಣ್ಣು ಮಂಜು. ನಲವತ್ತು ವರ್ಷ ರುಬ್ಬಿದ ಹೆಬ್ಬೆರಳಿನಿಂದ ಕಲ್ಲಿನ ಮೈಯನ್ನು ಮೆಲ್ಲನೆ ಸವರಿ ನೋಡಿದರು. ಒಂದೆಡೆ ಬೆರಳು ನಿಂತಿತು. "ಇಲ್ಲೊಂದು ಗೆರೆ ಉಳಿದಿದೆಯಲ್ಲ ಮಗು" ಎಂದರು.

ನಾವಿಬ್ಬರೂ ಬಿಸಿಲಿಗೆ ಹಿಡಿದು ನೋಡಿದೆವು. ನಿಜ, ಕೂದಲೆಳೆಯಷ್ಟು ಸಣ್ಣ ಗೀರು; ಮೊದಲ ವಾರದ್ದು. "ಇರಲಿ ಬಿಡು, ಯಾರಿಗೂ ಕಾಣುವುದಿಲ್ಲ" ಎಂದೆ ನಾನು. ಮಗಳು ಉತ್ತರ ಕೊಡಲಿಲ್ಲ. ಪೀಪಾಯಿಯ ಮುಚ್ಚಳ ತೆಗೆದು, ಡಬ್ಬಿಯಲ್ಲಿ ಮಿಕ್ಕಿದ್ದ ಒರಟು ಕಲ್ಲುಗಳ ನಡುವೆ ಆ ಕೆಂಪು ಕಲ್ಲನ್ನಿಟ್ಟು, 60-90ರ ಪುಡಿಯನ್ನು ನಾಲ್ಕು ಚಮಚ ಅಳೆದು ಹಾಕಿದಳು.